ಮಾತಾಗುವ ಮೊದಲು ಹಾಸಿದ ಜಮಖಾನೆ

ಹಳೆಯ ಸಾಮಾನು ಕಂಡು ಕಣ್ಣರಳಿಸುವವರು ಅದನ್ನು ಒಂದು ದಿನವೂ ತಿಕ್ಕಿದವರಲ್ಲ. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಮುರಗೋಡದ ನಮ್ಮ ವಾಡೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಹುಣಸೆಹಣ್ಣು, ಬೂದಿ ಹಚ್ಚಿ ಹಿತ್ತಾಳೆ ಹಂಡೆ, ತಾಮ್ರದ ಕೊಡ ತಿಕ್ಕಿ ತಿಕ್ಕಿ ನನ್ನ ಬೆರಳಿನ ಗೆರೆಗಳೇ ಅಳಿಸಿಹೋಗಿವೆ. 2004ರಲ್ಲಿ ಮೈದುನರೆಲ್ಲ ವಾಡೆ ಹಂಚಿಕೊಂಡು, ನಾವು ಬೈಲಹೊಂಗಲದಲ್ಲಿ ಹೊಸದಾಗಿ ಎದ್ದ ಅಪಾರ್ಟ್‌ಮೆಂಟಿನ ಮೂರನೇ ಮಹಡಿಗೆ ಬಂದಾಗ ನಮ್ಮ ಮನೆಯವರಿಗೆ ಸ್ಪಷ್ಟವಾಗಿ ಹೇಳಿದ್ದೆ: "ನೋಡ್ರಿ, ಹಿತ್ತಾಳಿ ಅನ್ನೂದು ಒಂದು ಚಮಚಾನೂ ಈ ಮನಿಗೆ ಬರಬಾರ್ದು." ಅವರು ಅರಳೆ ವ್ಯಾಪಾರಿಗಳು, ಮಾತು ಕಡಿಮೆ. ಗೋಣು ಹಾಕಿದರು.

ಅವರೇನೋ ಗೋಣು ಹಾಕಿದರು. ಮಗಳು ಹಾಕಬೇಕಲ್ಲ!

ಗಂಗಾ ಹೈಸ್ಕೂಲಿನಲ್ಲಿ ಚಿತ್ರಕಲೆಯ ಟೀಚರು. ಮನೆ ಅಲಂಕಾರದ ಪತ್ರಿಕೆಗಳನ್ನು ತರಿಸಿ ಓದುವುದೊಂದು ಹುಚ್ಚು. ನಾವು ಬಂದು ವಾರವಾಗಿರಲಿಲ್ಲ, ಒಂದು ರವಿವಾರ ಮುರಗೋಡದಿಂದ ಟೆಂಪೋ ತುಂಬಿಸಿಕೊಂಡು ಬಂದಳು. ಕಾಕಂದಿರು ಬೇಡವೆಂದು ಅಟ್ಟಕ್ಕೆಸೆದದ್ದೆಲ್ಲ ಅದರಲ್ಲಿತ್ತು. ಎರಡನೇ ಮಹಡಿಯ ತಿರುವಿನಲ್ಲಿ ಹಂಡೆ ಸಿಕ್ಕಿಕೊಂಡು ಅರ್ಧ ತಾಸು ಅಪಾರ್ಟ್‌ಮೆಂಟಿನ ಯಾರೂ ಮೇಲೆ ಹತ್ತಲಿಲ್ಲ, ಕೆಳಗೆ ಇಳಿಯಲಿಲ್ಲ. ಆಮೇಲೆ ಆ ಹಂಡೆಯ ಬಾಯಿಯ ಮೇಲೆ ದುಂಡನೆಯ ಗಾಜು ಕೂರಿಸಿ ಟೀಪಾಯಿ ಮಾಡಿದಳು. ತೇಗದ ಸಂದೂಕು ಟೀವಿಯ ಕೆಳಗೆ ಹೋಯಿತು. ಬೀಸುಕಲ್ಲು ಬಾಲ್ಕನಿಗೆ ಹೋಗಿ ಮನಿಪ್ಲಾಂಟಿನ ಕುಂಡ ಹೊತ್ತುಕೊಂಡು ಕೂತಿತು. ಕೌದಿ ಮಡಚಿ ನನ್ನ ಹೊಸ ಸೋಫಾದ ಬೆನ್ನಿಗೆ ಹೊದಿಸಿದಳು.

"ಮಂದಿ ಹೊಚಗೊಂಡು ಮಲಗಿದ್ದನ್ನ ಸೋಫಾದ ಮ್ಯಾಲ ಹಾಕತೀಯಲ್ಲ, ನಾಚಿಕಿ ಬರೂದಿಲ್ಲೇನ?" ಎಂದೆ.

"ಯವ್ವಾ, ಇದಕ್ಕ ಈಗ ದೊಡ್ಡ ಶಹರದಾಗ ಭಾಳ ಬೆಲೆ ಐತಿ."

"ಹಂಗಾರ ಅಲ್ಲೇ ಒಯ್ದು ಮಾರಿ ಬಾ."

ನಿಜವಾದ ಜಗಳ ನಡೆದದ್ದು ನೆಲದ ಹಾಸಿಗಾಗಿ. ಬೆಳಗಾವಿಯ ಅಂಗಡಿಯಲ್ಲಿ ನಾನೊಂದು ಕಾರ್ಪೆಟ್ ನೋಡಿ ಬಂದಿದ್ದೆ. ಮೆರೂನ್ ಮಖಮಲ್ಲು, ಕಾಲಿಟ್ಟರೆ ಒಳಗೆ ಹೋಗುವಷ್ಟು ಮೆತ್ತಗೆ. ಗಂಗಾ ಅದರ ಬದಲು ನಮ್ಮ ಅತ್ತೆಯ ಕಾಲದ ಜಮಖಾನೆ ಬಿಚ್ಚಿದಳು. ಕೆಂಪು, ನೀಲಿ, ಹಳದಿ ಪಟ್ಟೆ, ಅಂಚಿಗೆಲ್ಲ ನವಿಲು, ನಡುವೆ ಪಗಡೆಯ ಮನೆ. ಮೂರು ದಿನ ನಾನು ಅವಳು ಮಾತು ಬಿಟ್ಟೆವು. ನಮ್ಮ ಮನೆಯವರು "ನಿಮ್ಮಿಬ್ಬರ ನಡುವ ನಾ ಬರೂದಿಲ್ಲವಾ" ಎಂದು ಅಂಗಡಿಯಲ್ಲೇ ಊಟ ತರಿಸಿಕೊಂಡರು. ಕಡೆಗೆ ಒಂದು ಒಪ್ಪಂದವಾಯಿತು: ಸೋಫಾ ನನ್ನದು, ಅದರ ಕೆಳಗಿನದು ಅವಳದು. ಜಮಖಾನೆ ಬಾಗಿಲಿನ ಹೊಸ್ತಿಲಿನಿಂದ ಎದುರು ಗೋಡೆಯವರೆಗೆ ಅಳತೆ ಕೊಟ್ಟು ನೇಯಿಸಿದಂತೆ ಕೂತಿತು. ಬಿಳಿ ಟೈಲ್ಸಿನ ಮೇಲೆ ಅದು ಎಷ್ಟು ಚಂದ ಕಂಡಿತು ಎಂದರೆ ನನಗೇ ಸಿಟ್ಟು ಬಂತು. ಅವಳ ಮುಂದೆ ಮಾತ್ರ ಹೇಳಲಿಲ್ಲ.

ಎರಡು ತಿಂಗಳಾದ ಮೇಲೆ ವಿರೂಪಾಕ್ಷನ ಮಾತು ಬಂತು. ರಾಮದುರ್ಗದವರು, ಹುಡುಗ ಕಟಕೋಳದಲ್ಲಿ ದನದ ಡಾಕ್ಟರು. ಹುಚ್ಚುನಾಯಿ ಕಡಿತದ ಬಗ್ಗೆ ಭಾಷಣ ಮಾಡಲು ಗಂಗಾಳ ಶಾಲೆಗೆ ಬಂದಿದ್ದನಂತೆ, ಇವಳು ಅವನಿಗೆ ನಾಯಿಯ ಚಿತ್ರ ಬರೆದುಕೊಟ್ಟಳಂತೆ. ಆ ನಾಯಿಯ ಸುದ್ದಿ ಹೇಳುತ್ತಾ ಹೇಳುತ್ತಾ ಅವತ್ತು ಎರಡು ರೊಟ್ಟಿ ಸುಟ್ಟಳು. ನನಗೆ ತಿಳಿಯಿತು. ಅವಳಿಗೆ ಇಪ್ಪತ್ತೇಳಾಗಿತ್ತು, ಮುರಗೋಡದಲ್ಲಿದ್ದಾಗ ಬಂದ ನಾಲ್ಕು ವರಗಳಿಗೆ ಒಲ್ಲೆ ಅಂದಿದ್ದಳು. ಇದು ತಪ್ಪಿದರೆ ಇನ್ನೊಬ್ಬರ ಮುಂದೆ ಬಂದು ಕೂರುವ ಹುಡುಗಿಯಲ್ಲ ಅವಳು. ಹುಡುಗನೂ ಮನಸ್ಸು ಮಾಡಿದ್ದ. ಆದರೆ ಅವರ ಮನೆಯಲ್ಲಿ ನಡೆಯುವುದು ಅಜ್ಜಿ ಸೋಮವ್ವನವರ ಮಾತು. ಅವರು ಹ್ಞೂಂ ಅನ್ನದೆ ಆ ಮನೆಯಲ್ಲಿ ಎಮ್ಮೆಯನ್ನೂ ಕೊಳ್ಳುವುದಿಲ್ಲ ಎಂದು ಕೇಳಿದ್ದೆ.

ಕನ್ಯೆ ನೋಡಲು ರವಿವಾರ ಬರುತ್ತೇವೆಂದು ಫೋನ್ ಮಾಡಿದರು. ನಾನು ಎರಡು ದಿನ ಮನೆ ಒರೆಸಿದೆ. ಹೇಳಲು ನಾಚಿಕೆ, ಆ ಹಂಡೆಯನ್ನೂ ತಿಕ್ಕಿದೆ.

ಯರಗಟ್ಟಿ ಮಾರ್ಗವಾಗಿ ಜೀಪಿನಲ್ಲಿ ಒಂಬತ್ತು ಜನ ಬಂದರು. ನಮ್ಮ ಅಪಾರ್ಟ್‌ಮೆಂಟಿಗೆ ಲಿಫ್ಟಿನ ಗುಂಡಿ ಇದೆ, ಲಿಫ್ಟು ಇಲ್ಲ. ಎಂಬತ್ತು ವರ್ಷದ ಸೋಮವ್ವ ಪ್ರತಿ ಮಹಡಿಯಲ್ಲೂ ನಿಂತು ಉಸಿರು ತೆಗೆದುಕೊಂಡು ಹತ್ತಿದರು. ನಾನು ಬಾಗಿಲಲ್ಲಿ ಕಾಲಿಗೆ ನೀರು ಹಿಡಿದು ನಿಂತಿದ್ದೆ. ಅವರು ಕಾಲು ತೊಳೆದುಕೊಂಡರು, ಒಳಗೆ ನೋಡಿದರು, ಎತ್ತಿದ ಕಾಲನ್ನು ಹಿಂದಕ್ಕೆ ಇಟ್ಟರು.

"ಏನವಾ ತಂಗಿ, ಜಮಖಾನಿ ಹಾಸೇಬಿಟ್ಟೀರಿ? ಮಾತಽ ಆಗಿಲ್ಲಲ್ಲ ಇನ್ನ!"

ನಾನು ತಂಬಿಗೆ ಕೆಳಗಿಟ್ಟು ಜಮಖಾನೆ ನೋಡಿದೆ.

ನಮ್ಮ ಮನೆತನಗಳಲ್ಲಿ ಕನ್ಯೆ ನೋಡಲು ಬಂದವರಿಗೆ ಒಂದು ಚಾಪೆ, ಮನೆಯವರಿಗೆ ಒಂದು ಚಾಪೆ. ಎರಡೂ ಕಡೆಯವರು ಹ್ಞೂಂ ಅಂದಮೇಲೆ ಚಾಪೆ ತೆಗೆದು ಜಮಖಾನೆ ಹಾಸುತ್ತಾರೆ. ಅದರ ಮೇಲೆ ಎಲ್ಲರೂ ಕೂಡಿ ಕೂತು ಸಕ್ಕರೆ ತಿಂದರೆ ಮಾತು ಮುಗಿಯಿತು, ಆಮೇಲೆ ಯಾರೂ ಬದಲಿಸುವಂತಿಲ್ಲ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಇದೇ ಜಮಖಾನೆಯ ಮೇಲೆ ಕೂತು ನನ್ನ ಇಬ್ಬರು ನಾದಿನಿಯರ ಸಕ್ಕರೆ ತಿಂದಿದ್ದೇನೆ. ಆದರೆ ಸೋಫಾದ ಕೆಳಗೆ ಹೋದದ್ದೇ ತಡ, ನನ್ನ ಕಣ್ಣಿಗೆ ಅದು ಕಾರ್ಪೆಟ್ ಆಗಿಬಿಟ್ಟಿತ್ತು. ದಿನಾ ಕಸ ಹೊಡೆದಿದ್ದೇನೆ, ಮೇಲೆ ಓಡಾಡಿದ್ದೇನೆ, ಒಮ್ಮೆಯೂ ಹೊಳೆದಿರಲಿಲ್ಲ.

"ಸೋಫಾದ ಮ್ಯಾಲ ಕುಂತ್ರಿ ಅಜ್ಜಿ, ಅದು ಬ್ಯಾರೇನಽ ಆತಲ್ರಿ" ಎಂದೆ, ನಗಲು ಪ್ರಯತ್ನಿಸುತ್ತಾ.

"ಸೋಫಾಕ್ಕ ಹಾರಿ ಹೋಗ್ಲೇನವಾ? ಕಾಲ ಎದರ ಮ್ಯಾಲ ಇಡಬೇಕು?"

ಹಿಂದೆ ಯಾರೋ ಕಿಸಕ್ಕೆಂದು ನಕ್ಕರು. ನಮ್ಮ ಮನೆಯವರು ಗಾಬರಿಯಲ್ಲಿ "ತಡೀರಿ, ಸುತ್ತಿಬಿಡತೇವಿ" ಎಂದು ಬಗ್ಗಿದರು. ನಾನು ಅವರ ಅಂಗಿ ಹಿಡಿದು ಜಗ್ಗಿದೆ. ಎಂಥ ಮಾತು! ಬೀಗರ ಕಣ್ಣೆದುರು ಜಮಖಾನೆ ಸುತ್ತಿದರೆ ಕನ್ಯೆ ಕೊಡುವುದಿಲ್ಲ ಎಂದು ಅರ್ಥ. ಗಂಡಸರಿಗೆ ಇಷ್ಟೂ ತಿಳಿಯಬಾರದೇ? ಹಾಸಿದ್ದು ತಪ್ಪು, ತೆಗೆದರೆ ಅದಕ್ಕಿಂತ ದೊಡ್ಡ ತಪ್ಪು. ಒಂಬತ್ತು ಜನ ಬೀಗರು ಮೂರನೇ ಮಹಡಿಯ ಮೆಟ್ಟಿಲ ಮೇಲೆ ಒದ್ದೆ ಕಾಲಲ್ಲಿ ನಿಂತಿದ್ದಾರೆ. ಎದುರು ಮನೆಯ ರಾಣಿ ಬಾಗಿಲು ತೆರೆದು "ನಮ್ಮ ಮನ್ಯಾಗ ಬರ್ರಿ" ಎಂದಳು, ಪಾಪ. ಸೋಮವ್ವ ಅದಕ್ಕೂ ಒಪ್ಪಲಿಲ್ಲ.

"ಕನ್ಯಾ ಇವರ ಮನ್ಯಾಗ, ನಾವು ಕೂಡೂದು ನಿಮ್ಮ ಮನ್ಯಾಗ? ಅದೆಂಥಾ ಚಂದ?"

ಹುಡುಗನ ಮಾವನೊಬ್ಬ "ಇವತ್ತ ಯಾಕೋ ಕೂಡಿ ಬರವಲ್ದು, ಮತ್ತೊಮ್ಮೆ ಬರೂಣು" ಎಂದು ಜೀಪಿನ ಕಡೆ ನೋಡಿದ. ಆ ಮತ್ತೊಮ್ಮೆ ಎಂದೂ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಎಲ್ಲ ಈ ಹುಡುಗಿಯ ಹಟದಿಂದಲೇ ಆಯಿತು ಎಂದು ಎಲ್ಲರ ಮುಂದೆ ಕೂಗಿಬಿಡಬೇಕು ಅನಿಸಿತು.

ಅಷ್ಟರಲ್ಲಿ ಗಂಗಾ ಹೊರಗೆ ಬಂದಳು. ಕರೆಯುವ ಮೊದಲೇ ಕನ್ಯೆ ಬರಬಾರದು, ಬಂದಳು. ಇಳಕಲ್ ಸೀರೆ ಉಟ್ಟು, ಕೈಯಲ್ಲಿ ಅವಲಕ್ಕಿಯ ದೊಡ್ಡ ಬೋಗುಣಿ ಹಿಡಿದು, ಹೊಸ್ತಿಲು ದಾಟಿ ಮೆಟ್ಟಿಲ ಮೇಲೆ ನಿಂತಳು.

"ಅಜ್ಜಿ, ತಪ್ಪು ನಂದರಿ. ಹಾಸಿದಾಕಿ ನಾನು. ಒಳಗ ಬರಾಕ ಆಗೂದಿಲ್ಲ ಅಂದ್ರ ಮಾತು ಇಲ್ಲೇ ಆಗ್ಲಿ. ಮೆಟ್ಟಲಾ ಯಾರ ಕಡೇದೂ ಅಲ್ಲ."

ಸೋಮವ್ವ ಅವಳನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಸೆರಗು ಸರಿಮಾಡಿಕೊಂಡು ಛಾವಣಿಗೆ ಹೋಗುವ ಮೊದಲ ಮೆಟ್ಟಿಲಿನ ಮೇಲೆ ಕೂತೇಬಿಟ್ಟರು. "ಕುಂತ್ರೋ ಎಲ್ಲಾರು. ನನಗರ ಹಸಿವ್ಯಾಗೇತಿ."

ಒಂಬತ್ತು ಜನ ಮೆಟ್ಟಿಲು ಮೆಟ್ಟಿಲಿಗೆ ಕೂತರು, ನಾವು ಎದುರಿಗೆ ಮೆಟ್ಟಿಲ ಕಂಬಿ ಹಿಡಿದು ನಿಂತೆವು. ರಾಣಿ ತನ್ನ ಮನೆಯ ತಟ್ಟೆ ತಂದು ಹಂಚಿದಳು. ಮೇಲೆ ಛಾವಣಿಗೆ ಬಟ್ಟೆ ಒಣಹಾಕಲು ಹೊರಟವರಿಗೂ ಅವಲಕ್ಕಿ ಸಿಕ್ಕಿತು. ಇಡೀ ಬೈಲಹೊಂಗಲದಲ್ಲಿ ಹೀಗೆ ಕನ್ಯೆ ನೋಡಿದವರು ಇರಲಿಕ್ಕಿಲ್ಲ.

ಸೋಮವ್ವ ತೆರೆದ ಬಾಗಿಲಿನಿಂದ ಒಳಗಿನ ಹಂಡೆ, ಸಂದೂಕು, ಕೌದಿ ಎಲ್ಲ ನೋಡಿದರು. "ಅಲ್ಲವಾ, ಹೊಸಾ ಮನ್ಯಾಗ ಈ ಹಳೇ ಸಾಮಾನ್ಯಾಕ ತುಂಬೀದಿ? ಬಿಸಾಕೂ ಕಾಲ ಇದು."

ನಾನೂ ಇದನ್ನೇ ಎರಡು ತಿಂಗಳಿಂದ ಕೇಳಿದ್ದೆ. ನನಗೆ ಅವಳು ಬೇರೆ ಉತ್ತರ ಕೊಟ್ಟಿದ್ದಳು.

"ಚಂದ ಅದಾವರಿ, ಅದು ಖರೆ" ಎಂದಳು ಗಂಗಾ. "ಆದ್ರ ಅಜ್ಜಿ, ನಮ್ಮವ್ವ ಜನ್ಮ ಎಲ್ಲಾ ಅದನ್ನ ತಿಕ್ಕ್ಯಾಳರಿ. ಅಡಗೀ ಮನೀ ಕತ್ತಲದಾಗ ಯಾರೂ ನೋಡ್ಲಿಲ್ಲ. ನಾಕು ಮಂದಿ ಬಂದು ಕೂಡೂ ಜಾಗಾದಾಗ ಇಡಬೇಕು ಅನಿಸ್ತು."

ನಾನು ತಟ್ಟನೆ ಅವಲಕ್ಕಿಯ ಬೋಗುಣಿಯೊಳಗೆ ತಲೆ ಹಾಕಿದೆ. ಏನು ಹುಡುಕುತ್ತಿದ್ದೆನೋ ನನಗೇ ಗೊತ್ತಿಲ್ಲ. ಈ ಮಾತನ್ನು ನನ್ನ ಮುಂದೆ ಹೇಳಲು ಇವಳಿಗೆ ಏನಾಗಿತ್ತು ಧಾಡಿ?

ಸೋಮವ್ವ ಮೊಮ್ಮಗನ ಕಡೆ ತಿರುಗಿದರು. "ಏನೋ ಡಾಕ್ಟರಾ?"

ವಿರೂಪಾಕ್ಷ ಕಿವಿಯವರೆಗೆ ಕೆಂಪಾಗಿ "ನಂದು ಒಪ್ಪಿಗಿ ಐತಿ ಅಜ್ಜಿ. ಬೀಸುಕಲ್ಲು ಹೊರಾಕೂ ತಯಾರದೇನಿ" ಎಂದ. ಎಲ್ಲರೂ ಗೊಳ್ಳೆಂದು ನಕ್ಕರು. ಗಂಗಾ ತಲೆ ತಗ್ಗಿಸಿ ಹ್ಞೂಂ ಅಂದಳು. ನಮ್ಮ ಮನೆಯವರೂ ಹ್ಞೂಂ ಅಂದರು.

"ಆತು. ಹುಡುಗಿ ನಮ್ಮಕಿ" ಎಂದರು ಸೋಮವ್ವ. "ಏಳ್ರಿ ಇನ್ನ, ಕಲ್ಲಿನ ಮ್ಯಾಲ ಕುಂತು ಸೊಂಟ ಹಿಡೀತು. ಹ್ಯಾಂಗೂ ಹಾಸಿದ್ದೈತಿ, ಸಕ್ರಿ ತಿನ್ನೂಣು."

ಒಬ್ಬೊಬ್ಬರಾಗಿ ಬಲಗಾಲಿಟ್ಟು ಒಳಗೆ ಹೋದರು. ಗಂಡಸರು ನನ್ನ ಸೋಫಾ ಎತ್ತಿ ಗೋಡೆಗೆ ಸರಿಸಿದರು, ಎಲ್ಲರೂ ಜಮಖಾನೆಯ ಮೇಲೆ ಪಗಡೆಯ ಮನೆಯ ಸುತ್ತ ದುಂಡಗೆ ಕೂತರು. ಗಂಗಾಳನ್ನು ಸೋಮವ್ವ ತಮ್ಮ ಪಕ್ಕದಲ್ಲಿ ಕೂರಿಸಿಕೊಂಡರು. ನಮ್ಮ ಮನೆಯವರೂ ಕೂತರು. ಹೊರಗೆ ಉಳಿದವಳು ನಾನೊಬ್ಬಳೇ, ರಾಣಿ ತಂದುಕೊಟ್ಟ ಸಕ್ಕರೆಯ ತಟ್ಟೆ ಹಿಡಿದುಕೊಂಡು.

ಕಾಲು ಏಳಲಿಲ್ಲ. ಬೆಳಿಗ್ಗೆಯಿಂದ ಈ ಮಾತು ಆಗಲಿ ಎಂದು ಕಂಡ ದೇವರಿಗೆಲ್ಲ ಕೈ ಮುಗಿದವಳು ನಾನೇ. ಈಗ ಆ ಹೊಸ್ತಿಲು ದಾಟಿ ಒಂದು ಹೆಜ್ಜೆ ಇಟ್ಟರೆ ಗಂಗಾ ನನ್ನವಳಲ್ಲ, ರಾಮದುರ್ಗದವಳು. ಒಳಗಿದ್ದವರೆಲ್ಲ ನಾನೂ ಹ್ಞೂಂ ಅಂದಿದ್ದೇನೆಂದು ತಿಳಿದಿದ್ದರು. ನನ್ನನ್ನು ಯಾರೂ ಕೇಳಿರಲಿಲ್ಲ.

"ಬಾರವಾ" ಎಂದರು ಸೋಮವ್ವ.

"ಬರತೇನಿ, ತಡೀರಿ! ಏನವಸರ ನಿಮಗ?" ಎಂದು ಬೀಗತಿಯ ಮೇಲೇ ರೇಗಿದೆ.

ನಮ್ಮ ಮನೆಯವರು ತಲೆ ಕೆರೆದುಕೊಂಡರು. ಸೋಮವ್ವ ಮಾತ್ರ ಸಿಟ್ಟಾಗಲಿಲ್ಲ. ಎಲ್ಲರಿಗೂ ಸುಮ್ಮನಿರಿ ಎಂದು ಕೈ ಮಾಡಿದರು. "ಆಕಿ ಬರೂವರಿಗೂ ಕೂಡೂಣು. ನನಗೂ ಮೂರು ಹೆಣ್ಣಮಕ್ಕಳು" ಎಂದರು.

ಎಲ್ಲರೂ ಕಾದರು. ಗಂಗಾ ನನ್ನನ್ನೇ ನೋಡುತ್ತಿದ್ದಳು, ಅವಳ ಕಣ್ಣು ತುಂಬಿತ್ತು. ಎಷ್ಟು ಹೊತ್ತು ನಿಂತೆನೋ ನೆನಪಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಬಲಗಾಲಿಟ್ಟೆ. ಮೊದಲ ಸಕ್ಕರೆ ಬೀಗತಿಗೆ ಕೊಡುವುದು ಪದ್ಧತಿ, ನಾನು ನನ್ನ ಮಗಳ ಬಾಯಿಗೆ ಹಾಕಿದೆ. ಯಾರೂ ಬೇಡ ಅನ್ನಲಿಲ್ಲ.