ಚಟ್ನಿಗೆ ಗಡಿಯಿಲ್ಲ

ತೊಂಬತ್ತೆಂಟರ ಮೇ ತಿಂಗಳು. ಧಾರವಾಡದ ಮನೆತನಕ್ಕೆ ಸೊಸೆಯಾಗಿ ಲಂಡನ್ನಿನ ಇಲ್ಫರ್ಡಿಗೆ ಬಂದಿದ್ದ ಮೈಸೂರಿನ ವೈದೇಹಿ, ಯುರೋಪಿಯನ್ ಕಾನೂನಿನ ಎಲ್‌ಎಲ್‌ಎಂ ಪರೀಕ್ಷೆಗೆ ಅಡುಗೆಮನೆಯಲ್ಲೇ ಓದುತ್ತಿದ್ದಳು. ಊಟಕ್ಕೆ ಕೂತ ಅತ್ತೆ ಸುಶೀಲಾಬಾಯಿ ತಟ್ಟೆ ನೋಡಿ ಹುಬ್ಬು ಗಂಟಿಕ್ಕಿದರು.

"ಜ್ವಾಳದ ರೊಟ್ಟಿಗೆ ಕಾಯಿ ಚಟ್ನಿ? ನಮ್ಮ ಮನ್ಯಾಗ ಇದು ನಡ್ಯೂದಿಲ್ಲ ನೋಡವಾ."

ವೈದೇಹಿಗೆ ಸಿಕ್ಕಿದ್ದೇ ಚಾನ್ಸು. ಪುಸ್ತಕ ಎತ್ತಿ ಹಿಡಿದಳು.

"ನಡೀಲೇಬೇಕು ಅತ್ತೆ, ಯುರೋಪಿನ ಕೋರ್ಟೇ ಹೇಳಿದೆ! ಒಕ್ಕೂಟದ ಒಂದು ದೇಶದಲ್ಲಿ ಕಾನೂನಿನ ಪ್ರಕಾರ ಮಾರೋ ಪದಾರ್ಥಾನ ಇನ್ನೊಂದು ದೇಶ ಸುಮ್ಮಸುಮ್ಮನೆ ಬೇಡ ಅನ್ನೋ ಹಾಗಿಲ್ಲ. ಮೈಸೂರಲ್ಲಿ ನಡೆಯೋದು ಇಲ್ಲೂ ನಡೀಬೇಕು."

ಅತ್ತೆ ರೊಟ್ಟಿ ಮುರಿದು ಚಟ್ನಿಗೆ ಅದ್ದಿದರು. ಮುಖ ಸಡಿಲಾಯಿತು, ಇನ್ನೊಂದು ತುತ್ತೂ ಇಳಿಯಿತು.

"ಈ ಕಾನೂನು ಎರಡೂ ಕಡೀಗೆ ಅದ ಏನು?"

"ಎರಡೂ ಕಡೆಗೂ, ಅತ್ತೆ."

ಸುಶೀಲಾಬಾಯಿ ಎದ್ದು, ಕೆಂಪು ಮೆಣಸಿನಕಾಯಿ ರಂಜಕದ ಭರಣಿ ತಂದು ಸೊಸೆಯ ಮುಂದಿಟ್ಟರು. ಹೋದ ವರ್ಷ ಅದನ್ನು ನೆಕ್ಕಿ, "ಇದು ಚಟ್ನಿಯಲ್ಲ, ಬೆಂಕಿ!" ಎಂದು ನಲ್ಲಿಗೆ ಓಡಿದವರು ವೈದೇಹಿಯ ಅಪ್ಪ.

ವೈದೇಹಿಗೆ ನಗು ತಡೆಯಲಾಗಲಿಲ್ಲ.

"ಮುಂದಿನ ವಾರ ನಿಮ್ಮಪ್ಪ ಬರ್ತಾರಲ್ಲ," ಎಂದರು ಅತ್ತೆ, ಮತ್ತಷ್ಟು ಕಾಯಿ ಚಟ್ನಿ ಬಡಿಸಿಕೊಳ್ಳುತ್ತ. "ಕೋರ್ಟಿನ ಮಾತು ಅವರಿಗೂ ನೀನೇ ಹೇಳವಾ."