ಹೂಮಳೆ ಎಷ್ಟು ಸೆಂಟು

ಶೇಕಡಾ ತೊಂಬತ್ತೊಂದಕ್ಕೆ ಬಂದಿದ್ದ ನೀಲಿ ಗೆರೆ ಅಲ್ಲೇ ನಿಂತಿತು. ನಾಗಶ್ರೀ ಪರದೆಗೆ ಇನ್ನಷ್ಟು ಬಾಗಿದಳು. ಗೆರೆ ಕದಲಲಿಲ್ಲ. ಸಂಪರ್ಕ ಕಡಿದಿದೆ ಎಂಬ ಪುಟ್ಟ ಚೌಕ ಪರದೆಯ ಮೇಲೆ ಮೂಡಿದ್ದೇ ತಡ, ಮಹಡಿಯ ಮೆಟ್ಟಿಲನ್ನು ಎರಡೆರಡಾಗಿ ಹಾರಿ ಅಂಗಡಿಗೆ ಇಳಿದಳು.

ಕೆಳಗೆ ಗೊಬ್ಬರದ ಚೀಲಗಳ ನಡುವೆ ಅವಳ ಅಪ್ಪ ಮಲ್ಲಿಕಾರ್ಜುನಪ್ಪ ಒಂದು ಕೈಯಲ್ಲಿ ಸೀಮೆಸುಣ್ಣ ಹಿಡಿದು, ಇನ್ನೊಂದರಲ್ಲಿ ಬಾಳೂರಿನ ನಂಬರು ಒತ್ತುತ್ತಿದ್ದರು. ರಿಸೀವರು ಕಿವಿ ಮತ್ತು ಭುಜದ ನಡುವೆ ಸಿಕ್ಕಿಕೊಂಡಿತ್ತು. ಮಗಳ ಮುಖ ಕಂಡದ್ದೇ ಅದನ್ನು ಇಟ್ಟುಬಿಟ್ಟರು.

ಬೆಳಿಗ್ಗೆಯಿಂದ ಇದು ಮೂರನೇ ಸಲ. ಮನೆಗೂ ಅಂಗಡಿಗೂ ಇದ್ದದ್ದು ಒಂದೇ ಲೈನು. ಕೆಳಗೆ ಫೋನೆತ್ತಿದರೆ ಮೇಲಿನ ಕಂಪ್ಯೂಟರಿನ ಇಂಟರ್ನೆಟ್ಟು ಸತ್ತಿತೆಂದೇ ಲೆಕ್ಕ. ಆದರೆ ಹಿಂದಿನ ಸಂಜೆ ಬಿದ್ದದ್ದು ಹೂಮಳೆ. ಮಾರ್ಚಿನ ಈ ಒಂದು ಮಳೆಗೆ ಕಾಫಿ ಗಿಡ ಹೂಬಿಡಬೇಕು, ವರ್ಷದ ಫಸಲು ನಿಲ್ಲುವುದೇ ಎಷ್ಟು ಸೆಂಟು ಬಿತ್ತೆಂಬುದರ ಮೇಲೆ. ನೂರು ಸೆಂಟಿಗೆ ಒಂದು ಇಂಚು. ಇಪ್ಪತ್ತೆಂಟು ವರ್ಷದಿಂದ ಮಲ್ಲಿಕಾರ್ಜುನಪ್ಪ ಹೂಮಳೆಯ ಮರುದಿನ ಎಸ್ಟೇಟು ಎಸ್ಟೇಟಿಗೆ ಫೋನು ಮಾಡಿ, ಅಂಗಡಿ ಮುಂದಿನ ಕರಿಹಲಗೆಯ ಮೇಲೆ ಮಳೆ ಬರೆಯುತ್ತ ಬಂದಿದ್ದರು. ಮೂಡಿಗೆರೆಯ ಬಸ್‌ಸ್ಟ್ಯಾಂಡಿಗೆ ಹೋಗುವವರೆಲ್ಲ ಅಲ್ಲಿ ನಿಂತು ಓದುವರು. ಪಕ್ಕದ ತೋಟಕ್ಕೆ ತನಗಿಂತ ಇಪ್ಪತ್ತು ಸೆಂಟು ಹೆಚ್ಚು ಬಿದ್ದದ್ದು ಕಂಡು ಹೋಟೆಲಿನ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದುಹೋದವರೂ ಇದ್ದರು.

ಆ ಹಲಗೆಯನ್ನೇ ನಾಗಶ್ರೀ ವೆಬ್‌ಸೈಟು ಮಾಡಿದ್ದಳು. ನಾಲ್ಕು ತಿಂಗಳು ಮಹಡಿಯ ಮೇಲೆ ಕೂತು ಕಟ್ಟಿದ ಹನ್ನೊಂದು ಪುಟ. ಅಮೆರಿಕದ ಯಾವುದೋ ಊರಿನ ಕಂಪ್ಯೂಟರಿನಲ್ಲಿ ತನ್ನ ಹೆಸರಿನಲ್ಲೇ ಜಾಗ ಹಿಡಿದಿದ್ದಳು, ಅದರ ಪಾಸ್‌ವರ್ಡು ಅವಳೊಬ್ಬಳಿಗೇ ಗೊತ್ತಿತ್ತು. ಅಲ್ಲಿಗೆ ಇವನ್ನು ಏರಿಸಿಬಿಟ್ಟರೆ ಮುಗಿಯಿತು. ಚಿಕ್ಕಮಗಳೂರಿನಲ್ಲಿ ಇವತ್ತು ಬೆಳೆಗಾರರ ಸಂಘದ ಸಭೆ. ಹನ್ನೊಂದು ಗಂಟೆಗೆ ಅವಳ ಜೊತೆ ಓದಿದ ಶಶಿಕಿರಣ್ ಅದನ್ನು ಪರದೆಯ ಮೇಲೆ ತೆರೆದು ತೋರಿಸಬೇಕು. ತೆರೆದುಕೊಂಡರೆ ಜಿಲ್ಲೆಯ ಮಳೆಯ ಪುಟವನ್ನು ನಡೆಸುವ ಕೆಲಸ ಅವಳದು, ಇದೇ ಮಹಡಿಯಿಂದ. ಇಲ್ಲವಾದರೆ ಆ ಕೆಲಸ ಬೆಂಗಳೂರಿನ ಯಾವುದೋ ಕಂಪನಿಗೆ ಎಂದು ಸಂಘದವರು ಹೇಳಿದ್ದರು.

"ಹೂಮಳೆ ಬಿದ್ದ ದಿನ ಫೋನು ಮುಟ್ಟಬೇಡ ಅಂದ್ರೆ ಹೆಂಗೆ ಮಾರಾಯ್ತಿ? ಕೈ ತಾನಾಗೇ ಹೋಗುತ್ತೆ," ಅಂದರು ಮಲ್ಲಿಕಾರ್ಜುನಪ್ಪ.

ನಾಗಶ್ರೀ ಗೋಣಿದಾರ ತೆಗೆದು ರಿಸೀವರನ್ನು ಫೋನಿಗೆ ಸೇರಿಸಿ ನಾಲ್ಕು ಸುತ್ತು ಬಿಗಿದಳು. ಅಪ್ಪನಿಗೆ ಎದುರುಗಡೆಯ ವಿಮಲಮ್ಮನ ಎಸ್‌ಟಿಡಿ ಬೂತು ತೋರಿಸಿದಳು. ಅವರು ನಂಬರಿನ ಪುಸ್ತಕ ಕಂಕುಳಲ್ಲಿ ಇರುಕಿಕೊಂಡು ಗೊಣಗುತ್ತಲೇ ರಸ್ತೆ ದಾಟಿದರು.

ಮೇಲೆ ಮೋಡೆಮ್ಮು ಮತ್ತೆ ಕೀರಲಿಟ್ಟು, ಕೆಮ್ಮಿ, ಹಿಡಿದುಕೊಂಡಿತು. ಮೂವತ್ತು. ಅರವತ್ತು. ಅವಳು ಕುರ್ಚಿಯ ಮೇಲೆ ಕಾಲು ಮಡಚಿ ಕೂತು, ಗೆರೆಯನ್ನು ಕಣ್ಣಿನಿಂದಲೇ ದೂಡುತ್ತಿದ್ದಳು. ಹತ್ತೂಕಾಲಿಗೆ ನೂರು. ವಿಳಾಸ ಹೊಡೆದಳು. ಮೊದಲು ಹಸಿರು ಪಟ್ಟಿ, ಆಮೇಲೆ ಅಕ್ಷರ, ಆಮೇಲೆ ಮೇಲಿನಿಂದ ಇಷ್ಟಿಷ್ಟೇ ಇಳಿಯುತ್ತ ಅಪ್ಪನ ಕರಿಹಲಗೆಯ ಫೋಟೋ. ಒಬ್ಬಳೇ ಕೂತು ಗಟ್ಟಿಯಾಗಿ ನಕ್ಕುಬಿಟ್ಟಳು.

ಅಷ್ಟರಲ್ಲಿ ವಿಮಲಮ್ಮ ರಸ್ತೆಯಾಚೆಯಿಂದ ಕೂಗಿದರು. ಚಿಕ್ಕಮಗಳೂರಿನ ಫೋನಂತೆ, ಬೇಗ ಬರಬೇಕಂತೆ.

ಶಶಿಕಿರಣನ ದನಿ ಒಣಗಿತ್ತು. ಪುಟವೇನೋ ತೆರೆದಿದೆ, ಆದರೆ ಒಂದು ಫೋಟೋ ಇಲ್ಲ, ಜಿಲ್ಲೆಯ ನಕ್ಷೆ ಇಲ್ಲ, ಬರೀ ಖಾಲಿ ಚೌಕ, ಮೂಲೆಯಲ್ಲೊಂದು ಕೆಂಪು ಗೀಟು. "ನನಗೆ ಕಾಣ್ತಿದೆಯಲ್ಲೋ," ಅಂದಳು. ಅಂದ ಮರುಗಳಿಗೆಗೇ ಅವಳಿಗೆ ಹೊಳೆಯಿತು. ಫೋಟೋ ಎಲ್ಲಿವೆಯೆಂದು ಪುಟಗಳಲ್ಲಿ ಬರೆದದ್ದು ತನ್ನದೇ ಕಂಪ್ಯೂಟರಿನ ಜಾಗ. ತನ್ನ ಮನೆಯ ಗೂಡಿನಲ್ಲಿಟ್ಟು, ಅಲ್ಲೇ ಇದೆ ತಗೊಳ್ಳಿ ಎಂದು ಊರಿಗೆಲ್ಲ ಹೇಳಿದ ಹಾಗೆ. ಅವಳೊಬ್ಬಳಿಗೆ ಮಾತ್ರ ಆ ಗೂಡು ಕೈಗೆಟುಕುತ್ತಿತ್ತು.

ಫೋಟೋಗಳು ಆಗಲೇ ಅಮೆರಿಕಕ್ಕೆ ಏರಿವೆ, ಪುಟಗಳಲ್ಲಿ ಬರೆದ ದಾರಿ ಮಾತ್ರ ತಿದ್ದಬೇಕು. ಹನ್ನೊಂದು ಪುಟ, ಮೂವತ್ತೈದು ನಿಮಿಷ. ಓಡಿಬಂದು ಕೂತಳು. ಇಷ್ಟು ಚುರುಕಾಗಿ ತನ್ನ ತಲೆ ಎಂದೂ ಓಡಿರಲಿಲ್ಲ. ನಾಲ್ಕನೇ ಪುಟ ತಿದ್ದುವಾಗ ಕಿಟಕಿಯಿಂದ ಅಪ್ಪನ ದನಿ ಬಂತು. ಬೂತಿನ ಬಾಗಿಲಲ್ಲಿ ನಿಂತು ಅವರು ರಸ್ತೆಯಾಚೆಯಿಂದಲೇ ಸೆಂಟು ಕೂಗುತ್ತಿದ್ದರು. ಬಾಳೂರು ನೂರಾಹತ್ತು. ದೇವರಮನೆ ಕಡೆ ಎಂಬತ್ತೈದು. ಕಳಸ ಎಪ್ಪತ್ತು. ಹಲಗೆಗೆ ಬರೆಯುವ ಮೊದಲು ಮಗಳಿಗೆ ಹೇಳುತ್ತಿದ್ದಾರೆಂದು ಅವಳಿಗೆ ಗೊತ್ತಾಗಲು ಒಂದು ಕ್ಷಣ ಬೇಕಾಯಿತು. ಹಳೆಯ ಅಂಕಿಗಳನ್ನು ಅಳಿಸಿ ಇವತ್ತಿನವನ್ನು ಹೊಡೆದಳು. ಕೆಳಗೆ ಜೀಪೊಂದು ನಿಂತು ಡ್ರೈವರು ತನ್ನ ಸಾಹುಕಾರರ ತೋಟದ ಮಳೆಯನ್ನೂ ಕೂಗಿ ಹೋದ. ಅದನ್ನೂ ಹಾಕಿದಳು.

ಹನ್ನೊಂದಕ್ಕೆ ನಾಲ್ಕು ನಿಮಿಷವಿದ್ದಾಗ ಕೊನೆಯ ಪುಟ ಏರಿತು. ಅವಳು ಬೂತಿಗೆ ಓಡಿ, ಅಪ್ಪನ ಪಕ್ಕ ಬೆಂಚಿನ ತುದಿಯಲ್ಲಿ ಕೂತಳು. ವಿಮಲಮ್ಮ ಬೇರೆ ಗಿರಾಕಿಗಳನ್ನು ಬಾಗಿಲಲ್ಲೇ ತಡೆದರು.

ಹನ್ನೊಂದೂಕಾಲಿಗೆ ಫೋನು ಬಂತು. ಶಶಿಕಿರಣ್ ಏದುಸಿರು ಬಿಡುತ್ತಿದ್ದ. ಎಲ್ಲ ಕಂಡಿದೆ, ನಕ್ಷೆ ಕೂಡ. ನಿನ್ನೆಯ ಮಳೆ ಪರದೆಯ ಮೇಲೆ ಬಂದದ್ದೇ ಇಡೀ ಸಭೆ ಎದ್ದು ನಿಂತಿದೆ, ಒಬ್ಬರು ತಮ್ಮ ತೋಟಕ್ಕೆ ಐದು ಸೆಂಟು ಕಮ್ಮಿ ತೋರಿಸಿದ್ದಾರೆಂದು ಮೈಕಿಗೇ ಜಗಳಕ್ಕೆ ಬಂದಿದ್ದಾರೆ. ಅವಳು ಅದನ್ನು ಹೇಳಿದ್ದೇ ಮಲ್ಲಿಕಾರ್ಜುನಪ್ಪ ತೊಡೆ ತಟ್ಟಿಕೊಂಡು ನಕ್ಕರು. "ಆ ಮನುಷ್ಯ ಹಲಗೆ ಹತ್ರಾನೂ ಅದನ್ನೇ ಹೇಳ್ತಿದ್ದ," ಅಂದರು.

ಆಮೇಲೆ ಫೋನು ಸಂಘದ ಅಧ್ಯಕ್ಷ ಜಯದೇವಪ್ಪನವರ ಕೈಗೆ ಹೋಯಿತು. ನಾಗಶ್ರೀ ತನಗೇ ತಿಳಿಯದೆ ಎದ್ದು ನಿಂತಳು. ಅವರು ಬಾಯಿ ತುಂಬ ಹೊಗಳಿದರು. ಮೂಡಿಗೆರೆಯ ಹುಡುಗಿ ಇಂಥದು ಮಾಡಿದ್ದು ಜಿಲ್ಲೆಗೇ ಹೆಮ್ಮೆ ಅಂದರು. ಅಪ್ಪನಿಗೆ ಕೇಳಲೆಂದು ಅವಳು ರಿಸೀವರನ್ನು ವಾರೆ ಹಿಡಿದಳು.

"ಮುಂದಿನ ಭಾನುವಾರ ನಿನಗೊಂದು ಸನ್ಮಾನ ಇಟ್ಕೊಂಡಿದ್ದೀವಮ್ಮ. ಶಾಲು, ಹಾರ, ಬೆಳ್ಳಿ ತಟ್ಟೆ. ನಿಮ್ಮ ತಂದೆಯವರೂ ವೇದಿಕೆ ಮೇಲೆ ಕೂರ್ಲಿ. ಇನ್ನು ಆ ಪಾಸ್‌ವರ್ಡು ಅಂತಾರಲ್ಲ, ಅದನ್ನ ಇವತ್ತೇ ಬರೆಸಿಬಿಡು. ಬೆಂಗಳೂರಲ್ಲಿ ನಮ್ಮ ಅಳಿಯಂದು ಕಂಪನಿ ಇದೆ, ಮುಂದಿಂದು ಅವನು ನೋಡ್ಕೋತಾನೆ. ನೀನು ಸೆಂಟು ಕಳಿಸ್ತಾ ಇದ್ರೆ ಸಾಕು."

ಮಲ್ಲಿಕಾರ್ಜುನಪ್ಪನ ಮುಖ ಅರಳಿತು. ವೇದಿಕೆಯ ಮಾತು ಅವರ ಕಿವಿಗೆ ಬಿದ್ದಿತ್ತು. ಹೂಂ ಅನ್ನು, ಹೂಂ ಅನ್ನು ಎಂದು ಕೈಯಲ್ಲೇ ಸನ್ನೆ ಮಾಡಿದರು. ವಿಮಲಮ್ಮ ಕಾಗದ ಪೆನ್ನು ಮುಂದೆ ಸರಿಸಿದರು. ಅತ್ತ ಕಡೆ ಸಭೆಯ ಗದ್ದಲ ಇನ್ನೂ ಕೇಳುತ್ತಿತ್ತು. ಯಾರೋ ಬಾಳೂರಿನ ಮಳೆಯನ್ನು ಮತ್ತೊಮ್ಮೆ ತೋರಿಸಲು ಹೇಳುತ್ತಿದ್ದರು.

"ಸನ್ಮಾನ ಬೇಡ ಸರ್," ಅಂದಳು ನಾಗಶ್ರೀ. "ಪಾಸ್‌ವರ್ಡೂ ಕೊಡಲ್ಲ."