ಬಾಲದ ಗಾಲಿಯ ಲೆಕ್ಕ

ಫೆಬ್ರವರಿ ಒಂಬತ್ತರ ಬೆಳಿಗ್ಗೆ ನನ್ನ ಹೆಂಡತಿ ನಮ್ಮ ಮಾದರಿ ವಿಮಾನವನ್ನು ಮೈದಾನದಲ್ಲಿ ನಾಲ್ಕು ಬಾರಿ ಓಡಿಸಿದಳು. ನಾಲ್ಕು ಬಾರಿಯೂ ಅದು ನೆಲ ಬಿಡುವ ಮೊದಲೇ ಗಿರಕಿ ಹೊಡೆಯಿತು. ಕೊನೆಯ ಬಾರಿ ಬೇಲಿಗೆ ಬಡಿಯಿತು. ಕಟ್ಟುವವನು ನಾನು, ಹಾರಿಸುವವಳು ಅವಳು. ಬಾಲಕ್ಕೆ ಹೊಸ ಗಾಲಿ ಕೂರಿಸಿದ ಮೇಲೆ ಅದು ಮೊದಲ ಓಟ.

“ನಿನ್ನ ಕೈ ನಡುಗ್ತಿದೆ,” ಎಂದೆ.

ಅವಳು ರಿಮೋಟನ್ನು ನನಗೆ ಕೊಟ್ಟು ಕೈಯನ್ನು ಜೇಬಿನೊಳಗೆ ಇಟ್ಟುಕೊಂಡಳು. ಆಮೇಲೆ ರಿಮೋಟನ್ನು ಮುಟ್ಟಲಿಲ್ಲ. ಸಹಿ ಹಾಕುವಾಗ, ಲೋಟ ಎತ್ತುವಾಗ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದಳು. ಅವಳ ತಾಯಿಯ ಕೈ ಇದೇ ವಯಸ್ಸಿನಲ್ಲಿ ಸೋತಿತ್ತು. ಅದು ನನಗೆ ಗೊತ್ತಿತ್ತು.

ಬಾಲದ ಗಾಲಿಯನ್ನು ತಿರುಗಿಸುವುದು ಎರಡು ತೆಳು ಉಕ್ಕಿನ ತಂತಿಗಳು. ಒಡಲಿನಲ್ಲಿರುವ, ದಿಕ್ಕು ತಿರುಗಿಸುವ ಪುಟ್ಟ ಮೋಟರಿನ ಅಡ್ಡಪಟ್ಟಿಯ ಎರಡು ತುದಿಗಳಿಂದ ಹೊರಟು ಗಾಲಿಯ ಅಡ್ಡಪಟ್ಟಿಯ ಎರಡು ತುದಿಗಳನ್ನು ಸೇರುತ್ತವೆ. ಒಂದು ಎಳೆದರೆ ಇನ್ನೊಂದು ಬಿಡುತ್ತದೆ. ಎರಡೂ ಪಟ್ಟಿಗಳ ತುದಿ ನಡುವಿನಿಂದ ಹನ್ನೆರಡು ಮಿಲಿಮೀಟರ್. ಸಮಕ್ಕೆ ಸಮ. ಬೇಲಿಗೆ ಬಡಿದು ಮುರಿದದ್ದನ್ನು ಅದೇ ಅಳತೆಯಲ್ಲಿ ಮತ್ತೆ ಕಟ್ಟಿದೆ.

ಹೊಲಿಗೆ ಯಂತ್ರ ರಿಪೇರಿ ಮಾಡುವ ಅವಳ ತಮ್ಮ ಬಂದ.

“ಭಾವ, ಅಕ್ಕ ಯಾಕೆ ಡಾಕ್ಟರ ಹತ್ರ ಹೋಗ್ಬೇಕು ಅಂತಿದ್ದಾಳೆ?”

“ಕೈ ನಡುಗುತ್ತೆ.”

“ನಿನ್ನೆ ನನ್ನ ಅತಿ ಸಣ್ಣ ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸಿ ಕೊಟ್ಲು. ನನ್ ಕೈಲಿ ಆಗ್ಲಿಲ್ಲ. ನೀವೇ ಒಮ್ಮೆ ಓಡ್ಸಿ ನೋಡಿ. ಬರೀ ಬಾಯಲ್ಲೇ ವಿಮಾನ ಹಾರಿಸೋದಾದ್ರೆ ಪೆಟ್ರೋಲೂ ಬೇಡ!”

ಅವನ ಬಾಯಿ ಮುಚ್ಚಿಸಲೆಂದೇ ಮೈದಾನಕ್ಕೆ ಹೋದೆ. ಗಾಳಿ ಇರಲಿಲ್ಲ. ಹತ್ತು ಬಾರಿ ಓಡಿಸಿದೆ. ಒಂಬತ್ತು ಬಾರಿ ಗಿರಕಿ.

ನನ್ನ ಕೈ ನಡುಗುವುದಿಲ್ಲ.

ವಿಮಾನವನ್ನು ಮೇಜಿನ ಮೇಲಿಟ್ಟು ಕೋನಮಾಪಕ ಹಿಡಿದೆ. ಮೋಟರು ಮೂವತ್ತು ಡಿಗ್ರಿ ತಿರುಗಿದರೆ ಗಾಲಿಯೂ ಮೂವತ್ತು. ಅದೇ ಮೋಟರು ತಿರುಗಿಸುವ ಬಾಲದ ಚುಕ್ಕಾಣಿಗೆ ಗಾಳಿಯಲ್ಲಿ ಅಷ್ಟು ಬೇಕು. ನೆಲದ ಮೇಲೆ ವೇಗವಾಗಿ ಉರುಳುವ ಗಾಲಿಗೆ ಅದರಲ್ಲಿ ಅರ್ಧವೇ ಸಾಕು. ಜನವರಿಯಲ್ಲಿ ಅವಳು ಕೇಳಿದ್ದಳು: “ಇಷ್ಟೊಂದು ತಿರುಗ್ಬೇಕಾ ರೀ? ಅರ್ಧ ಸಾಕಲ್ವಾ?” ಲೆಕ್ಕ ನನಗೆ ಬಿಡು ಎಂದಿದ್ದೆ.

ಗಾಲಿಗೆ ನಡುವಿನಿಂದ ತುದಿಗೆ ಇಪ್ಪತ್ತನಾಲ್ಕು ಮಿಲಿಮೀಟರ್ ಇರುವ ಪಟ್ಟಿ ಹಾಕಿದೆ. ಈಗ ಮೋಟರು ತಿರುಗಿದ ಅರ್ಧದಷ್ಟೇ ಗಾಲಿ ತಿರುಗುತ್ತದೆ. ತಂತಿಗಳು ಜೋತು ಬೀಳದಂತೆ, ಬಿಗಿದು ಮೋಟರನ್ನು ಹಿಂಸಿಸದಂತೆ ಕಟ್ಟಿದೆ. ಮತ್ತೆ ಹತ್ತು ಓಟ. ಹತ್ತೂ ನೇರ.

ಮಾರ್ಚ್ ಏಳರಂದು ಅವಳನ್ನು ಮೈದಾನಕ್ಕೆ ಕರೆದೊಯ್ದು ರಿಮೋಟ್ ಚಾಚಿದೆ. ಅವಳು ಕೈ ಹೊರತೆಗೆಯಲಿಲ್ಲ.

“ಬೇಡ ರೀ. ಇನ್ನೊಂದ್ಸಲ ಮುರಿಯೋದು ಬೇಡ.”

“ನಿನ್ನ ಕೈ ಸರಿಯಾಗಿದೆ. ತಪ್ಪಿದ್ದು ನನ್ನ ಲೆಕ್ಕ. ನೀನು ಹೇಳಿದ ಅರ್ಧವೇ ಸರಿ.”

“ಮೂವತ್ತೆಂಟು ವರ್ಷ ಮಕ್ಕಳಿಗೆ ಲೆಕ್ಕ ಹೇಳ್ಕೊಟ್ಟೋರಿಗೆ ಅರ್ಧ ಎಷ್ಟು ಅಂತ ಗೊತ್ತಾಗ್ಲಿಲ್ವಾ?”

“ಆಗಲಿಲ್ಲ.”

ಅವಳು ಜೇಬಿನಿಂದ ಕೈ ಹೊರತೆಗೆದಳು. ಆಮೇಲೆ ರಿಮೋಟ್ ತೆಗೆದುಕೊಂಡಳು. ವಿಮಾನ ಗೆರೆ ಎಳೆದಂತೆ ಓಡಿ ನೆಲ ಬಿಟ್ಟಿತು. ಅವಳು ಆಕಾಶ ನೋಡುತ್ತಿದ್ದಳು, ಬೆರಳುಗಳನ್ನಲ್ಲ.

ಗಾಲಿಯ ಲೆಕ್ಕ ತೀರಿತು. ಅವಳು ಬೆರಳು ನೋಡಿಕೊಂಡು ಕಳೆದ ಇಪ್ಪತ್ತಾರು ದಿನಗಳು ನನ್ನ ಮೇಲೆ ಬಾಕಿ.